ಬೇರೆ ನೌಕರಿ ಸಿಗುವತನಕ ಇರುವ ನೌಕರಿಯ ನೆಮ್ಮದಿ

ಇರುವ ನೌಕರಿಯನ್ನು ಬಿಡಬೇಕೆಂದು ಮನಸ್ಸು ಒಮ್ಮೆ ತೀರ್ಮಾನಿಸಿದ ಮೇಲೆ, ಬೇರೆ ನೌಕರಿ ಕೈಗೆ ಬರುವವರೆಗಿನ ಕಾಲವು ಖಾಸಗಿ ಕೆಲಸ ಅರಸುವವರ ಮಟ್ಟಿಗೆ ತಿಂಗಳುಗಳಲ್ಲಿ, ಸರ್ಕಾರಿ ನೇಮಕಾತಿಯನ್ನು ನೆಚ್ಚಿದವರ ಮಟ್ಟಿಗೆ ವರ್ಷಗಳಲ್ಲಿ ಲೆಕ್ಕವಾಗುತ್ತದೆ. 545 ಪಿಎಸ್‌ಐ ಹುದ್ದೆಗಳಿಗಾಗಿ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣ 2022ರ ಏಪ್ರಿಲ್‌ನಲ್ಲಿ ರದ್ದಾಗಿ, ಮರುಪರೀಕ್ಷೆ 2024ರ ಜನವರಿಯಲ್ಲಿ ನಡೆದದ್ದನ್ನು ನೆನೆದರೆ, ಈ ಕಾಯುವಿಕೆ ಎಷ್ಟು ಹಿಗ್ಗಬಲ್ಲದು ಎಂಬುದು ತಿಳಿಯುತ್ತದೆ. ಇಂಥ ನಡುಗಾಲದಲ್ಲಿ ದೇಹ ಕುರ್ಚಿಯಲ್ಲಿದ್ದರೂ ಮನಸ್ಸು ಅಧಿಸೂಚನೆ, ಕೀ ಉತ್ತರ, ಆಯ್ಕೆಪಟ್ಟಿಗಳ ಹಿಂದೆ ಅಲೆಯುವುದರಿಂದ, ನಿನ್ನೆಯವರೆಗೆ ಹೇಗೋ ನಡೆದುಹೋಗುತ್ತಿದ್ದ ಕೆಲಸವೇ ಇಂದು ಹೊರೆಯಾಗಿ ಕಾಣತೊಡಗುತ್ತದೆ. ಆ ಬೇಸರದಲ್ಲಿ ಕೆಲಸ ಕೆಡುತ್ತದೆ, ಕೆಲಸ ಕೆಟ್ಟಾಗ ಮಾತು ಕೇಳಬೇಕಾಗುತ್ತದೆ, ಮಾತು ಕೇಳಿದ ದಿನ ಓದಿಗೂ ಹುಡುಕಾಟಕ್ಕೂ ಉತ್ಸಾಹ ಉಳಿಯುವುದಿಲ್ಲ.

ಬೆಳಗಾವಿ ಜಿಲ್ಲೆಯ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ತಾಲ್ಲೂಕುಗಳಲ್ಲಿ ಈ ತೊಡಕಿಗೆ ತನ್ನದೇ ಆದ ರೂಪವಿದೆ. ಓದಿದ ಯುವಕ ಯುವತಿಯರಿಗೆ ಇಲ್ಲಿ ಮೊದಲು ಸಿಗುವುದು ಖಾಸಗಿ ಶಾಲೆಯ ಪಾಠ, ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕ ಹುದ್ದೆ, ಪತ್ತಿನ ಸಹಕಾರಿ ಸಂಘದ ಕೌಂಟರು, ಬಟ್ಟೆ ಅಥವಾ ಗೊಬ್ಬರದ ಅಂಗಡಿಯ ಲೆಕ್ಕಪತ್ರ, ಇಲ್ಲವೇ ಕಬ್ಬು ನುರಿಸುವ ಹಂಗಾಮಿಗೆ ಸೀಮಿತವಾದ ಸಕ್ಕರೆ ಕಾರ್ಖಾನೆಯ ತಾತ್ಕಾಲಿಕ ಕೆಲಸ. ಪರೀಕ್ಷೆಯ ತರಬೇತಿಗೆ ಸವದತ್ತಿಯವರು ಸುಮಾರು 40 ಕಿ.ಮೀ. ದೂರದ ಧಾರವಾಡಕ್ಕೆ, ಅದರಲ್ಲೂ ಕೋಚಿಂಗ್ ಕೇಂದ್ರಗಳು ಒತ್ತೊತ್ತಾಗಿ ಬೆಳೆದಿರುವ ಸಪ್ತಾಪುರಕ್ಕೆ ಹೋಗಬೇಕು. ಈ ನಾಲ್ಕೂ ಪಟ್ಟಣಗಳಿಗೆ ರೈಲು ಬಂದಿಲ್ಲವಾದ್ದರಿಂದ ಬಸ್ಸೇ ಗತಿ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ಟಿನ ಖರ್ಚು ತಪ್ಪಿದೆಯಾದರೂ, ಹೊತ್ತಿನ ಖರ್ಚು ಎಲ್ಲರಿಗೂ ಮೊದಲಿನಂತೆಯೇ ಉಳಿದಿದೆ. ಬೆಳಗಿನಿಂದ ಸಂಜೆಯವರೆಗೆ ಒಂದು ಊರಿನ ಕೆಲಸ, ಭಾನುವಾರ ಇನ್ನೊಂದು ಊರಿನ ತರಗತಿ ಎಂಬ ಈ ಬದುಕಿನಲ್ಲಿ ನೆಮ್ಮದಿಯನ್ನು ಹೊಸ ನೌಕರಿಯ ಆದೇಶ ಬರುವ ದಿನಕ್ಕೆ ಮುಂದೂಡಿದರೆ, ವಯಸ್ಸಿನ ಉತ್ತಮ ವರ್ಷಗಳೇ ಮುಂದೂಡಿಕೆಯಾಗುತ್ತವೆ.

ಇಲ್ಲಿ ನೆಮ್ಮದಿ ಎಂಬ ಮಾತನ್ನು, ದಿನದ ಕೊನೆಗೆ ಮನೆಗೆ ಹೊರಟಾಗ ಆ ದಿನ ದಂಡವಾಗಲಿಲ್ಲ ಎನ್ನಿಸುವಷ್ಟು ತೃಪ್ತಿ ಎಂಬ ಸೀಮಿತ ಅರ್ಥದಲ್ಲಿ ಬಳಸಲಾಗಿದೆ. ಎಂ.ಕೆ. ಹುಬ್ಬಳ್ಳಿಯ ಬಳಿ ಮಲಪ್ರಭೆಯ ಒಡಲಲ್ಲಿ ಶರಣೆ ಗಂಗಾಂಬಿಕೆಯ ಐಕ್ಯಮಂಟಪವಿರುವ ಈ ಸೀಮೆಗೆ 12ನೇ ಶತಮಾನದ ಶರಣರ ಕಾಯಕದ ಕಲ್ಪನೆ ಹೊಸದಲ್ಲ. ಆದರೆ ಕಾಯಕದ ಹೆಸರು ಹೇಳಿ ಪಗಾರವಿಲ್ಲದ ಹೆಚ್ಚುವರಿ ದುಡಿಮೆ ಕೇಳುವವರು, ಗಂಡ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಮರೆಯುತ್ತಾರೆ. ಕಾಯಕಕ್ಕೆ ಅಳತೆಯಿದೆ, ಅಳತೆ ಮೀರಿ ಪಡೆಯುವುದು ತಪ್ಪಾದರೆ ಅಳತೆ ಮೀರಿ ದುಡಿಸುವುದೂ ತಪ್ಪೇ. ಮುಂದೆ ಹೇಳುವ ಕ್ರಮಗಳು ಮಾಲೀಕರ ಲಾಭಕ್ಕಾಗಿ ನೌಕರನನ್ನು ಸಮಾಧಾನಪಡಿಸುವ ಉಪಾಯಗಳಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು.

ಮಾಡಬೇಕಾದದ್ದು

1. ಬೇಸರವನ್ನು ಎರಡು ಭಾಗ ಮಾಡಬೇಕು. ಅಮೆರಿಕದ ಮನಃಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಪಿಟ್ಸ್‌ಬರ್ಗ್ ಸುತ್ತಲಿನ ಸುಮಾರು 200 ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಸಂದರ್ಶಿಸಿ, ಕೆಲಸದ ಅತೃಪ್ತಿಗೆ ಕಾರಣವಾಗುವ ಸಂಗತಿಗಳೇ ಬೇರೆ, ತೃಪ್ತಿಗೆ ಕಾರಣವಾಗುವ ಸಂಗತಿಗಳೇ ಬೇರೆ ಎಂದು 1959ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ವಾದಿಸಿದರು. ಪಗಾರ, ಮೇಲಧಿಕಾರಿಯ ನಡವಳಿಕೆ, ಕುಳಿತುಕೊಳ್ಳುವ ಜಾಗ, ನಿಯಮಗಳು ಕೆಟ್ಟದಾಗಿದ್ದರೆ ಅತೃಪ್ತಿ ಹುಟ್ಟುತ್ತದೆ, ಸರಿಯಾಗಿದ್ದರೆ ಅತೃಪ್ತಿ ಕಡಿಮೆಯಾಗುತ್ತದೆ. ಆದರೆ ತೃಪ್ತಿ ಬರುವುದು ಕೆಲಸ ಸಾಧಿಸಿದ ಅನುಭವ, ಮನ್ನಣೆ, ಹೊಣೆ, ಕಲಿಕೆ ಇವುಗಳಿಂದ. ಈ ವಾದಕ್ಕೆ ಆಮೇಲೆ ಸಾಕಷ್ಟು ಆಕ್ಷೇಪಗಳು ಬಂದಿವೆಯಾದರೂ, ನೌಕರಿ ಹುಡುಕುವವರಿಗೆ ಇದರಿಂದ ಒಂದು ಪ್ರಯೋಜನವಿದೆ. ನೋಟುಪುಸ್ತಕದ ಒಂದು ಹಾಳೆಯ ಎಡಭಾಗದಲ್ಲಿ ತನ್ನಿಂದ ಬದಲಾಗದ ಕೊರತೆಗಳನ್ನೂ, ಬಲಭಾಗದಲ್ಲಿ ಪ್ರತಿದಿನ ಮಾಡುವ ಕೆಲಸಗಳಲ್ಲಿ ಯಾವುದು ಕೈಗೆ ಹತ್ತುತ್ತದೆ, ಯಾವುದರಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ ಎಂಬುದನ್ನೂ ಬರೆದಿಟ್ಟುಕೊಂಡರೆ, ಎಡಭಾಗದ್ದು ಹುಡುಕಾಟಕ್ಕೆ ಕಾರಣವಾಗುತ್ತದೆ, ಬಲಭಾಗದ್ದು ಇಂದಿನ ನೆಮ್ಮದಿಗೆ ಬಂಡವಾಳವಾಗುತ್ತದೆ. ಎರಡನ್ನೂ ಕಲಸಿ ಒಟ್ಟಾರೆ ‘ಈ ಕೆಲಸವೇ ಬೇಡ’ ಎಂದುಕೊಳ್ಳುವವರು, ಹೊಸ ಕಡೆ ಏನು ಇರಬೇಕು ಎಂಬುದನ್ನೂ ಹೇಳಲಾರದೆ ಸಂದರ್ಶನದಲ್ಲಿ ತಡವರಿಸುತ್ತಾರೆ.

2. ಹುಡುಕಾಟಕ್ಕೆ ಹೊತ್ತು ಮತ್ತು ಜಾಗ ಗೊತ್ತುಮಾಡಬೇಕು. ಪೂರ್ತಿಯಾಗದ ಕೆಲಸ ಪೂರ್ತಿಯಾದ ಕೆಲಸಕ್ಕಿಂತ ಹೆಚ್ಚಾಗಿ ಮನಸ್ಸನ್ನು ಕಾಡುತ್ತದೆ ಎಂದು ಬ್ಲೂಮಾ ಜೈಗಾರ್ನಿಕ್ 1927ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಗುರುತಿಸಿದರು. ಅನಂತರದ ಪ್ರಯೋಗಗಳೆಲ್ಲ ಅದನ್ನು ಒಂದೇ ಸಮನೆ ಸಮರ್ಥಿಸಿಲ್ಲ. ಆದರೆ ಮಾಸಿಕ್ಯಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ತೋರಿಸಿದ ಸಂಗತಿ ಇಲ್ಲಿ ಹೆಚ್ಚು ಉಪಯುಕ್ತ: ಬಾಕಿಯಿರುವ ಕೆಲಸವನ್ನು ಯಾವಾಗ, ಎಲ್ಲಿ, ಹೇಗೆ ಮಾಡುವುದೆಂದು ಖಚಿತವಾಗಿ ಗೊತ್ತುಮಾಡಿಕೊಂಡರೆ, ಆ ಕೆಲಸ ಇನ್ನೂ ಮುಗಿಯದಿದ್ದರೂ ಅದು ಮನಸ್ಸಿಗೆ ನುಗ್ಗಿಬರುವುದು ಕಡಿಮೆಯಾಗುತ್ತದೆ. ನೌಕರಿಯ ಹುಡುಕಾಟ ಸ್ವಭಾವತಃ ಮುಗಿಯದ ಕೆಲಸವಾದ್ದರಿಂದ ಅದಕ್ಕೊಂದು ಬೇಲಿ ಬೇಕು. ವಾರದಲ್ಲಿ ಎರಡು ಸಂಜೆ, ಒಂದೊಂದು ತಾಸು, ಮನೆಯಲ್ಲಿ ಅಥವಾ ಗ್ರಂಥಾಲಯದಲ್ಲಿ ಅರ್ಜಿ, ಅಧಿಸೂಚನೆ, ದಾಖಲೆಗಳ ಕೆಲಸ, ಭಾನುವಾರದ ಬಸ್ಸಿನಲ್ಲಿ ಓದು ಎಂದು ನಿಗದಿಪಡಿಸಿ, ಫೋನಿನಲ್ಲಿ ನೌಕರಿಯ ಗುಂಪುಗಳ ಸದ್ದನ್ನು ಕೆಲಸದ ವೇಳೆಯಲ್ಲಿ ಅಡಗಿಸಿಡುವುದು ಸಾಕಾಗುತ್ತದೆ. ಒಂದೇ ಅಧಿಸೂಚನೆ ಹತ್ತು ಗುಂಪುಗಳಲ್ಲಿ ಹತ್ತು ಸಲ ಬರುತ್ತದೆಯಾದ್ದರಿಂದ, ಅರ್ಜಿಯ ಕೊನೆಯ ದಿನಾಂಕವನ್ನು ಒಮ್ಮೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡವರು ಕಳೆದುಕೊಳ್ಳುವುದು ಏನೂ ಇಲ್ಲ.

ಈ ನಿಗದಿಗೆ ಊರಿನ ಪಂಚಾಂಗವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಸುಮಾರಿಗೆ ಜನಸಾಗರ ನೆರೆಯುವಾಗ ಸವದತ್ತಿಯ ಅಂಗಡಿ, ಖಾನಾವಳಿ, ವಸತಿಗೃಹಗಳಲ್ಲಿ ದುಡಿಯುವವರಿಗೆ ಸೂಟಿ ಸಿಗುವುದಿಲ್ಲ, ಬಸ್ಸಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಕಾರ್ಖಾನೆಯವರಿಗೆ ಹಂಗಾಮಿನ ತಿಂಗಳುಗಳು, ಶಾಲೆಯವರಿಗೆ ಮಾರ್ಚ್ ತಿಂಗಳು ಹಾಗೆಯೇ. ಆ ದಿನಗಳಲ್ಲಿ ಹುಡುಕಾಟವನ್ನು ನಿಲ್ಲಿಸಿ, ಆಮೇಲೆ ಯಾವ ದಿನ ಮತ್ತೆ ತೊಡಗುವುದೆಂದು ಬರೆದಿಡುವುದೇ ಜಾಣತನ. ಎರಡನ್ನೂ ಎಳೆದಾಡಿದವರಿಗೆ ಎರಡೂ ಸಾಗದೆ, ತಾವೇ ಅಸಮರ್ಥರೆಂಬ ತಪ್ಪು ಭಾವನೆ ಬೇರೂರುತ್ತದೆ.

3. ಕೆಲಸದ ಒಂದು ತುಣುಕನ್ನು ತನ್ನದಾಗಿಸಿಕೊಳ್ಳಬೇಕು. ಎಮಿ ರೆಸ್ನೆವ್ಸ್ಕಿ ಮತ್ತು ಜೇನ್ ಡಟನ್ 2001ರ ಪ್ರಬಂಧವೊಂದರಲ್ಲಿ, ನೌಕರರು ತಮಗೆ ಒಪ್ಪಿಸಿದ ಕೆಲಸದ ಬಗೆ, ಜನರೊಡನೆ ಇರುವ ಒಡನಾಟ, ಕೆಲಸದ ಅರ್ಥ ಇವುಗಳನ್ನು ಯಾರ ಅಪ್ಪಣೆಗೂ ಕಾಯದೆ ಸ್ವಲ್ಪಸ್ವಲ್ಪವೇ ಮರುರೂಪಿಸಿಕೊಳ್ಳುತ್ತಾರೆ ಎಂದು ತೋರಿಸಿದರು. ಅವರ ಉದಾಹರಣೆಗಳಲ್ಲಿ ಆಸ್ಪತ್ರೆಯ ಸ್ವಚ್ಛತಾ ಕೆಲಸಗಾರರೂ ಇದ್ದರು: ಕೆಲವರು ನೆಲ ಒರೆಸಿ ಹೋಗುತ್ತಿದ್ದರು, ಕೆಲವರು ರೋಗಿಗಳೊಡನೆ ಎರಡು ಮಾತಾಡಿ, ನರ್ಸುಗಳ ಕೆಲಸಕ್ಕೆ ಹೊಂದುವಂತೆ ತಮ್ಮ ಕೆಲಸದ ಹೊತ್ತನ್ನು ಸರಿದೂಗಿಸಿ, ಗುಣಪಡಿಸುವ ಕಾರ್ಯದಲ್ಲಿ ತಾವೂ ಪಾಲುದಾರರೆಂದು ಭಾವಿಸಿದ್ದರು. ಹುದ್ದೆ ಒಂದೇ, ಅನುಭವ ಎರಡು.

ಪತ್ತಿನ ಸಂಘದ ಕೌಂಟರನ್ನು ಹತ್ತಿರದಿಂದ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಆರಂಭಿಸಿದ ಪಿಗ್ಮಿ ಠೇವಣಿ, ಅಂದರೆ ಏಜೆಂಟರು ದಿನವೂ ಅಂಗಡಿಗಳಿಗೆ ಹೋಗಿ ಸಣ್ಣ ಮೊತ್ತ ಸಂಗ್ರಹಿಸುವ ಪದ್ಧತಿ, ಈ ಸಂಘಗಳಲ್ಲಿ ಇಂದಿಗೂ ಜೀವಂತವಾಗಿದೆ. ಸಂಜೆ ಏಜೆಂಟರು ಪೇಟೆಯಿಂದ ಬಂದು, ಕಾಯಿಪಲ್ಯೆಯ ತೇವ ಹತ್ತಿದ ಹತ್ತು, ಇಪ್ಪತ್ತರ ನೋಟುಗಳನ್ನು ಕೌಂಟರಿನ ಮೇಲೆ ಸುರಿಯುತ್ತಾರೆ. ಕ್ಯಾಷಿಯರ್ ಅವನ್ನು ನೆಟ್ಟಗೆ ಮಾಡಿ, ಬಗೆವಾರು ಜೋಡಿಸಿ, ಎಣಿಸಿ, ಚೀಟಿಯ ಮೊತ್ತದೊಡನೆ ತಾಳೆ ನೋಡುತ್ತಾರೆ. ಇಪ್ಪತ್ತು ರೂಪಾಯಿ ಕಡಿಮೆ ಬಿದ್ದರೆ ಆ ದಿನದ ಲೆಕ್ಕ ಮುಗಿಯುವುದಿಲ್ಲ. ಎಲ್ಲೋ ಒಂದು ಸಾಲಿನಲ್ಲಿ 130 ಎಂಬುದು 150 ಆಗಿ ನಮೂದಾಗಿರುತ್ತದೆ, ಅದು ಸಿಕ್ಕುವತನಕ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ. ಈ ಹುಡುಕಾಟವನ್ನು ದಿನವೂ ಶಪಿಸುತ್ತ ಮಾಡುವವರಿರುತ್ತಾರೆ. ಅದೇ ಕೆಲಸದಲ್ಲಿ ಯಾವ ಏಜೆಂಟರ ಚೀಟಿಯಲ್ಲಿ ಯಾವ ಬಗೆಯ ತಪ್ಪು ಮರುಕಳಿಸುತ್ತದೆ ಎಂದು ಒಂದು ಪಟ್ಟಿ ಮಾಡಿ, ವಾರದೊಳಗೆ ಲೆಕ್ಕ ಮುಗಿಯುವ ಹೊತ್ತನ್ನು ಅರ್ಧ ತಾಸು ಹಿಂದಕ್ಕೆ ತರುವವರೂ ಇರಬಲ್ಲರು. ಅವರಿಗೆ ಪಗಾರದಲ್ಲಿ ಒಂದು ಪೈಸೆ ಹೆಚ್ಚದಿದ್ದರೂ, ತಾಳೆಯಾದ ಮೊತ್ತದ ಕೆಳಗೆ ಎಳೆಯುವ ಎರಡು ಗೆರೆ ಅವರ ಸ್ವಂತದ್ದಾಗುತ್ತದೆ. ಹಣ ತೆಗೆಯುವ ಚೀಟಿ ತುಂಬಲು ಬಾರದೆ ಕಂಬಕ್ಕೆ ಒರಗಿ ನಿಂತ ಅಜ್ಜಿಯನ್ನು ಕರೆದು ಬರೆದುಕೊಡುವುದಕ್ಕೆ ಎರಡು ನಿಮಿಷ ಸಾಕು. ಅಂಥ ಒಂದು ಕೆಲಸ ಕೈಕುಶಲತೆಯದು, ಒಂದು ಜನರೊಡನಾಟದ್ದು ಎಂದು ಎರಡನ್ನು ಮಾತ್ರ ಆಯ್ದುಕೊಳ್ಳಬೇಕು. ಇಡೀ ಕಚೇರಿಯನ್ನು ತಿದ್ದಲು ಹೊರಡಬಾರದು, ಬಿಟ್ಟುಹೋಗುವವರಿಗೆ ಆ ಉಸಾಬರಿ ಬೇಕಿಲ್ಲ.

4. ದಿನಕ್ಕೊಂದು ಸಾಲು ಬರೆಯಬೇಕು. ತೆರೇಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರೇಮರ್ 238 ನೌಕರರ ಸುಮಾರು 12,000 ದಿನಚರಿ ಬರಹಗಳನ್ನು ಪರಿಶೀಲಿಸಿ, ಅರ್ಥವುಳ್ಳ ಕೆಲಸದಲ್ಲಿ ಸಣ್ಣದಾದರೂ ಮುನ್ನಡೆ ಕಂಡ ದಿನವೇ ಮನಸ್ಸಿಗೆ ಒಳ್ಳೆಯ ದಿನವಾಗುತ್ತದೆ ಎಂಬ ನಿರ್ಣಯಕ್ಕೆ ಬಂದರು. ರಾಮದುರ್ಗದ ನೇಕಾರರಿಗೆ ಈ ದಿನಚರಿಯ ಅಗತ್ಯವಿಲ್ಲ, ಏಕೆಂದರೆ ಅಂದು ಎಷ್ಟು ಮೊಳ ನೆಯ್ದದ್ದೆಂಬುದು ಮಗ್ಗದ ಮೇಲೆಯೇ ಕಾಣುತ್ತದೆ. ಕಡತ, ಪಾಠ, ಲೆಕ್ಕದ ಕೆಲಸ ಮಾಡುವವರಿಗೆ ನೆಯ್ದ ಬಟ್ಟೆ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ, ಅಂದು ಮುಗಿಸಿದ ಒಂದು ಕೆಲಸವನ್ನು ದಿನಾಂಕ ಹಾಕಿ ಒಂದು ಸಾಲಿನಲ್ಲಿ ಬರೆದಿಡಬೇಕು. ಈ ಪುಸ್ತಕಕ್ಕೆ ಎರಡನೆಯ ಉಪಯೋಗವೂ ಇದೆ: ಸಂದರ್ಶನದಲ್ಲಿ ‘ಇಲ್ಲಿಯವರೆಗೆ ಏನು ಮಾಡಿದ್ದೀರಿ’ ಎಂಬ ಪ್ರಶ್ನೆಗೆ ಬೇಕಾದ ಉತ್ತರ ಅದರಲ್ಲಿ ಸಿದ್ಧವಾಗಿರುತ್ತದೆ.

5. ಅಲ್ಲಿಗೆ ಬೇಕಾದದ್ದನ್ನು ಇಲ್ಲಿ ಕಲಿಯಬೇಕು. ಜಿಎಸ್‌ಟಿ ಬಿಲ್ಲು, ಟ್ಯಾಲಿ, ನುಡಿ ತಂತ್ರಾಂಶದಲ್ಲಿ ಕನ್ನಡ ಬೆರಳಚ್ಚು, ಸಭೆಯ ನಡಾವಳಿ ಬರೆಯುವುದು ಮುಂತಾದವು ಕೋಚಿಂಗ್ ಕೇಂದ್ರದಲ್ಲಿ ಹಣ ಕೊಟ್ಟು ಕಲಿಯುವ ವಿದ್ಯೆಗಳು. ಸಣ್ಣ ಕಚೇರಿಯಲ್ಲಿ ಇವೇ ಕೆಲಸಗಳನ್ನು ಕೇಳಿದರೆ ಸಂತೋಷದಿಂದ ಒಪ್ಪಿಸುತ್ತಾರೆ.

6. ಯಾರಿಗೆ ಹೇಳುವುದು, ಯಾರಿಗೆ ಹೇಳಬಾರದು ಎಂಬುದನ್ನು ಯೋಚಿಸಬೇಕು. ನೌಕರಿಯ ಸುದ್ದಿ ಆಪ್ತರಿಗಿಂತ ಹೆಚ್ಚಾಗಿ ಅಷ್ಟಕ್ಕಷ್ಟೇ ಪರಿಚಯವಿರುವವರಿಂದ ಬರುತ್ತದೆ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ಪ್ರಬಂಧದಲ್ಲಿ ವಿವರಿಸಿದರು. ಆಪ್ತರಿಗೆ ಗೊತ್ತಿರುವುದು ಬಹುಮಟ್ಟಿಗೆ ತನಗೂ ಗೊತ್ತಿರುತ್ತದೆ, ದೂರದ ಪರಿಚಯಸ್ಥರು ಬೇರೆ ವಲಯದ ಸುದ್ದಿ ತರುತ್ತಾರೆ ಎಂಬುದು ಅದರ ತರ್ಕ. ಈ ದೃಷ್ಟಿಯಿಂದ ದಿನಕ್ಕೆ ಹತ್ತಾರು ಅಂಗಡಿಗಳ ಮೆಟ್ಟಿಲು ಹತ್ತುವ ಪಿಗ್ಮಿ ಏಜೆಂಟರಷ್ಟು ಸುದ್ದಿಬಲವುಳ್ಳವರು ಊರಿನಲ್ಲಿ ಇನ್ನೊಬ್ಬರಿಲ್ಲ. ಆದರೆ ಒಂದು ಬಾಯಿಗೆ ಬಿದ್ದದ್ದು ಸಂಜೆಯೊಳಗೆ ಮಾಲೀಕರ ಕಿವಿ ಮುಟ್ಟುವ ಊರುಗಳೂ ಇವೇ ಆದ್ದರಿಂದ, ‘ಇಲ್ಲಿ ಬೇಸರವಾಗಿದೆ’ ಎನ್ನುವುದರ ಬದಲು ‘ಇಂಥ ಕೆಲಸ ಬಲ್ಲೆ, ಅವಕಾಶವಿದ್ದರೆ ತಿಳಿಸಿ’ ಎನ್ನುವುದು ಕ್ಷೇಮ. ಬೆಳಗಾವಿಯ ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದಲ್ಲಿಯೂ ಕೇಂದ್ರ ಸರ್ಕಾರದ ರಾಷ್ಟ್ರೀಯ ವೃತ್ತಿ ಸೇವೆಯ ಜಾಲತಾಣದಲ್ಲಿಯೂ ಹೆಸರು ನೋಂದಾಯಿಸಲು ಶುಲ್ಕವಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ದೂರದ ಗುಡ್ಡ ನುಣ್ಣಗೆ ಕಾಣುವುದು ಮೊದಲ ತಪ್ಪು. ಬೆಂಗಳೂರಿನ ಪಗಾರವನ್ನು ಬೈಲಹೊಂಗಲದ ಪಗಾರದೊಡನೆ ಹೋಲಿಸುವವರು ಅಲ್ಲಿಯ ಬಾಡಿಗೆ, ಊಟ, ಹಬ್ಬಕ್ಕೆ ಊರಿಗೆ ಬರುವ ಬಸ್ಸಿನ ದರ ಇವುಗಳನ್ನು ಕಳೆದು ನೋಡುವುದಿಲ್ಲ. ಹೋಲಿಕೆ ಮಾಡುವುದಾದರೆ ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವ ಹಣವನ್ನೂ, ಎಚ್ಚರವಾಗಿ ಮನೆಯಲ್ಲಿ ಕಳೆಯುವ ತಾಸುಗಳನ್ನೂ ಹೋಲಿಸಬೇಕು. ಮನಸ್ಸಿನಲ್ಲಿಯೇ ಮೊದಲು ರಾಜೀನಾಮೆ ಕೊಟ್ಟು ದೇಹವನ್ನು ಮಾತ್ರ ಕೆಲಸಕ್ಕೆ ಕಳಿಸುವುದು ಇನ್ನೊಂದು ತಪ್ಪು. ಇದರಿಂದ ಸಮಯ ಉಳಿಯುತ್ತದೆಂಬ ಭ್ರಮೆಯಿದೆ, ಆದರೆ ಅರೆಮನಸ್ಸಿನ ಎಂಟು ತಾಸು ಪೂರ್ಣಮನಸ್ಸಿನ ಎಂಟು ತಾಸಿಗಿಂತ ಹೆಚ್ಚು ದಣಿಸುತ್ತದೆ. ಸಹೋದ್ಯೋಗಿಗಳೊಡನೆ ಚಹಾದ ಹೊತ್ತಿನಲ್ಲಿ ದಿನವೂ ಕಚೇರಿಯ ದೂರುಗಳನ್ನು ತಿರುವಿಹಾಕುವುದರಿಂದ ಆ ಕ್ಷಣಕ್ಕೆ ಹಗುರವೆನಿಸಿದರೂ, ದೂರು ಮಾತ್ರ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತದೆ.

ಓದಲು ಸಮಯ ಸಿಗುತ್ತದೆಂದು ಕೈಯಲ್ಲಿದ್ದ ನೌಕರಿಯನ್ನು ಬಿಟ್ಟು ಸಪ್ತಾಪುರದಲ್ಲಿ ಕೋಣೆ ಹಿಡಿಯುವುದು ತಪ್ಪೋ ಸರಿಯೋ ಎಂಬುದು ಮನೆಯ ಸ್ಥಿತಿಗೆ ಬಿಟ್ಟ ವಿಷಯ. ಆದರೆ ಪರೀಕ್ಷೆಯ ದಿನಾಂಕವೇ ಪ್ರಕಟವಾಗದಿರುವಾಗ ಹಾಗೆ ಮಾಡುವುದನ್ನು ಸಾಹಸವೆನ್ನಬೇಕೇ ಹೊರತು ಯೋಜನೆಯೆನ್ನಲಾಗದು.

ಎಚ್ಚರಿಕೆ

ಎಲ್ಲ ಕೆಲಸದಲ್ಲಿಯೂ ನೆಮ್ಮದಿಯನ್ನು ಹುಡುಕಬೇಕೆಂಬ ಕಟ್ಟುಪಾಡಿಲ್ಲ. ಪಗಾರ ತಿಂಗಳುಗಟ್ಟಲೆ ತಡೆಹಿಡಿದಿರುವ, ಬೈಗುಳ ಅಥವಾ ಲೈಂಗಿಕ ಕಿರುಕುಳವಿರುವ ಕಡೆ ಮೇಲಿನ ಆರೂ ಕ್ರಮಗಳು ಅನ್ವಯಿಸುವುದಿಲ್ಲ. ಅಲ್ಲಿ ಬೇಕಾದದ್ದು ದೂರು. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ 10 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು, ಅದಕ್ಕಿಂತ ಚಿಕ್ಕ ಸಂಸ್ಥೆಗಳ ಮಹಿಳೆಯರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಸೂಟಿಯ ದಿನವೂ ಮನಸ್ಸು ಎದ್ದೇಳದಿದ್ದರೆ ಅದನ್ನು ಕೆಲಸದ ಬೇಸರವೆಂದು ತಳ್ಳಿಹಾಕಬಾರದು. ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಧಾರವಾಡದಲ್ಲಿಯೇ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಯಿದೆ.

ಹುಡುಕುವವರ ಅವಸರವೇ ಮೋಸಗಾರರ ಬಂಡವಾಳ. ಹುದ್ದೆಗೆ ಮುಂಗಡ ಹಣ ಕೇಳುವವರನ್ನೂ, ಮೂಲ ಅಂಕಪಟ್ಟಿಗಳನ್ನು ತಮ್ಮಲ್ಲಿ ಇಟ್ಟುಕೊಳ್ಳುತ್ತೇವೆ ಎನ್ನುವವರನ್ನೂ, ಫೋನಿನಲ್ಲಿ ಸಣ್ಣ ಕೆಲಸ ಕೊಟ್ಟು ಮೊದಲು ನೂರಿನ್ನೂರು ರೂಪಾಯಿ ಹಾಕಿ ಆಮೇಲೆ ಸಾವಿರಗಳಲ್ಲಿ ಕೇಳುವವರನ್ನೂ ನಂಬಬಾರದು. ಹಣ ಹೋದಲ್ಲಿ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅದನ್ನು ತಡೆಯುವ ಸಾಧ್ಯತೆ ಹೆಚ್ಚು. ಸರ್ಕಾರಿ ಸೇವೆಯಲ್ಲಿ ಈಗಾಗಲೇ ಇರುವವರು ಬೇರೆ ಹುದ್ದೆಗೆ ಅರ್ಜಿ ಹಾಕುವ ಮುನ್ನ ತಮ್ಮ ಇಲಾಖೆಯ ಅನುಮತಿಯ ನಿಯಮವನ್ನು ನೋಡಿಕೊಳ್ಳಬೇಕು.

ಭವಿಷ್ಯನಿಧಿ ಕಡಿತವಾಗುತ್ತಿರುವವರು ನೌಕರಿ ಬದಲಿಸುವಾಗ ಹಣವನ್ನು ಹಿಂಪಡೆಯದೆ ಅದೇ ಯುಎಎನ್ ಸಂಖ್ಯೆಯಡಿ ಹೊಸ ಖಾತೆಗೆ ವರ್ಗಾಯಿಸುವುದು ಲೇಸು, ಏಕೆಂದರೆ 5 ವರ್ಷ ತುಂಬುವ ಮೊದಲು ತೆಗೆದ ಮೊತ್ತಕ್ಕೆ ತೆರಿಗೆ ಬೀಳಬಹುದು, ಪಿಂಚಣಿಗೆ ಬೇಕಾದ 10 ವರ್ಷಗಳ ಸೇವೆಯ ಲೆಕ್ಕವೂ ಕಡಿದುಹೋಗಬಹುದು. ಕಾಯಂ ನೌಕರರಿಗೆ ಉಪದಾನ, ಅಂದರೆ ಗ್ರಾಚ್ಯುಟಿ, ಸಾಮಾನ್ಯವಾಗಿ 5 ವರ್ಷಗಳ ಸತತ ಸೇವೆಯ ಮೇಲೆ ಸಿಗುತ್ತದೆ. ನಾಲ್ಕು ವರ್ಷ ದಾಟಿದವರು ರಾಜೀನಾಮೆಯ ದಿನಾಂಕ ಬರೆಯುವ ಮುನ್ನ ನೇಮಕಾತಿ ಆದೇಶವನ್ನು ಒಮ್ಮೆ ತೆಗೆದು ನೋಡಬೇಕು.

ಹೊರಡುವಾಗ

ಹೊಸ ಕಡೆಯ ಆದೇಶ ಬರಹದಲ್ಲಿ ಕೈಸೇರಿದ ಮೇಲೆಯೇ ರಾಜೀನಾಮೆ ಕೊಡಬೇಕು. ರಾಜೀನಾಮೆಯ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಮತ್ತು ಮುದ್ರೆ ಪಡೆದು, ಹಳೆಯ ನೇಮಕಾತಿ ಆದೇಶದಲ್ಲಿ ಹೇಳಿದ ಮುನ್ಸೂಚನೆಯ ಅವಧಿಯನ್ನು ಪೂರೈಸಿ, ಅನುಭವ ಪ್ರಮಾಣಪತ್ರವನ್ನು ಹೊರಡುವ ದಿನವೇ ಕೇಳಿ ಪಡೆಯಬೇಕು. ಕೀಲಿಕೈ, ರಸೀದಿ ಪುಸ್ತಕ, ಬಾಕಿ ಕಡತಗಳ ಪಟ್ಟಿಯನ್ನು ಎರಡು ಪ್ರತಿ ಮಾಡಿ, ಚಾರ್ಜ್ ವಹಿಸಿಕೊಳ್ಳುವವರ ಸಹಿಯಿರುವ ಒಂದು ಪ್ರತಿಯನ್ನು ತನ್ನಲ್ಲಿ ಇಟ್ಟುಕೊಳ್ಳುವುದು ಲೆಕ್ಕದ ಕೆಲಸದಲ್ಲಿದ್ದವರಿಗೆ ಕಡ್ಡಾಯವೆಂದೇ ಹೇಳಬೇಕು. ನೇಮಿಸಿಕೊಳ್ಳುವ ಮುನ್ನ ಹಳೆಯ ಕಚೇರಿಗೆ ಫೋನ್ ಮಾಡಿ ವಿಚಾರಿಸುವ ರೂಢಿ ಈ ಭಾಗದಲ್ಲಿ ಇನ್ನೂ ಇದೆ. ಆ ಫೋನನ್ನು ಎತ್ತುವವರು ಹೆಚ್ಚಾಗಿ ಅದೇ ಕುರ್ಚಿಗೆ ಬಂದು ಕುಳಿತ, ಆ ಪಟ್ಟಿಗೆ ಸಹಿ ಹಾಕಿದ ಸಹೋದ್ಯೋಗಿಯೇ ಆಗಿರುತ್ತಾರೆ.